ಮೋಟಾರು ವಾಹನದ ಮುಖ

ಮಂಜೇಶ್ವರದ ಕಡೆಯಿಂದ ವಾಚಕ ಮಿತ್ರರೊಬ್ಬರು ಬರೆದ ಪತ್ರವು ಈ ತಿಂಗಳ ಪುಟಕ್ಕೆ ವಿಷಯವನ್ನು ಒದಗಿಸಿಕೊಟ್ಟಿದೆ. ‘ಮಾಷ್ಟ್ರೇ, ನಮ್ಮ ಕಾಲದ ಅಂಬಾಸಡರು ಕಾರು ಎದುರಿನಿಂದ ಬಂದರೆ ಮನೆಗೆ ನೆಂಟರು ಬಂದ ಹಾಗೆ ಆಗುತ್ತಿತ್ತು. ಈಗಿನ ಕಾರುಗಳು ಎದುರಾದರೆ ಸಾಲ ವಸೂಲಿಗೆ ಬಂದವರ ಹಾಗೆ ಕಾಣುತ್ತವೆ. ಇದು ನನ್ನ ಪ್ರಾಯದ ದೋಷವೋ, ಕಾರುಗಳ ದೋಷವೋ?’ ಎಂದು ಅವರು ಕೇಳಿದ್ದಾರೆ. ಪ್ರಶ್ನೆಯು ವಿನೋದದ ಧಾಟಿಯಲ್ಲಿದ್ದರೂ ಉತ್ತರವು ಕೇವಲ ವಿನೋದದ್ದಲ್ಲ. ರಸ್ತೆಯ ಬದಿಯಲ್ಲಿ ಶಾಲೆಯನ್ನು ನಡೆಸುವ ನನ್ನಂಥವನಿಗೆ ಅದು ದಿನದಿನವೂ ಎದುರಾಗುವ ವಿಷಯ.

ಮೊದಲಿಗೆ, ದೋಷವು ಪ್ರಾಯದ್ದಲ್ಲವೆಂದು ಹೇಳಿಬಿಡುತ್ತೇನೆ. ಎರಡು ಚುಕ್ಕೆ, ಅವುಗಳ ಕೆಳಗೆ ಒಂದು ಗೆರೆ ಇದ್ದಲ್ಲೆಲ್ಲ ಮುಖವನ್ನು ಕಾಣುವುದು ಮನುಷ್ಯನ ಹುಟ್ಟುಗುಣ. 2008ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದ ಸಂಶೋಧಕರು ಹಲವು ಕಾರುಗಳ ಮುಂಭಾಗದ ಚಿತ್ರಗಳನ್ನು ಜನರಿಗೆ ತೋರಿಸಿ, ಇದು ಮಗುವಿನಂತಿದೆಯೇ, ಪ್ರಾಯದವನಂತಿದೆಯೇ, ಸೌಮ್ಯವೇ, ಸಿಟ್ಟಿನದೇ ಎಂದು ಕೇಳಿದರು. ಉತ್ತರಗಳಲ್ಲಿ ಆಶ್ಚರ್ಯಪಡುವಷ್ಟು ಹೊಂದಾಣಿಕೆಯಿತ್ತು. ದೊಡ್ಡ ದೀಪ, ಎತ್ತರವಾದ ಮುಂಗಾಜು ಇದ್ದವನ್ನು ಮಗುವೆಂದರು. ಅಗಲವಾದ ಮೈ, ಸಪೂರವಾದ ಓರೆದೀಪ, ಅಗಲವಾದ ಗಾಳಿಬಾಯಿ ಇದ್ದವನ್ನು ಪ್ರಬಲ, ಕೋಪಿಷ್ಠ ಎಂದರು. ಆಸ್ಟ್ರಿಯಾದವರು ಹುಟ್ಟಿದಂದಿನಿಂದ ಕಾರಿನ ಜಾಹೀರಾತು ನೋಡಿ ಬೆಳೆದವರು, ಅವರ ಮಾತನ್ನು ಹೇಗೆ ನಂಬುವುದು ಎಂದು ಯಾರಾದರೂ ಕೇಳಬಹುದು. ಅದಕ್ಕಾಗಿಯೇ ಅದೇ ತಂಡದವರು ಇಥಿಯೋಪಿಯಾದಲ್ಲಿಯೂ ಇದೇ ಪರೀಕ್ಷೆಯನ್ನು ಮಾಡಿ 2012ರಲ್ಲಿ ಪ್ರಕಟಿಸಿದರು. ಅಲ್ಲಿನವರ ತೀರ್ಪೂ ಹೆಚ್ಚುಕಡಿಮೆ ಅದೇ ಆಗಿತ್ತು. ಆದುದರಿಂದ ನಮ್ಮ ಮಿತ್ರರು ಕಂಡದ್ದು ಇದ್ದದ್ದನ್ನೇ.

ಆದರೆ ಮುಖದ ಮಾತಿಗೆ ಮುನ್ನ ಮೈಕಟ್ಟಿನ ಮಾತನ್ನು ಆಡಬೇಕು. ಅಧ್ಯಾಪಕ ತರಬೇತಿಯ ಚಿತ್ರಕಲೆಯ ಪಾಠದಲ್ಲಿ, ಮನುಷ್ಯನ ಚಿತ್ರ ಬರೆಯುವಾಗ ಕಣ್ಣು ಮೂಗನ್ನು ಕೊನೆಗೆ ಇಟ್ಟುಕೊಳ್ಳಿ, ತಲೆಯ ಅಳತೆಗೆ ದೇಹವು ಎಷ್ಟು ಪಾಲು ಎಂಬುದನ್ನು ಮೊದಲು ನಿಶ್ಚಯಿಸಿರಿ ಎಂದು ಕಲಿಸುತ್ತಿದ್ದರು. ಕಾರಿಗೂ ಅದೇ ನಿಯಮ. ಅದನ್ನು ಪಕ್ಕದಿಂದ ನೋಡಿರಿ. ಮುಂಗಾಲಿಯ ಅಚ್ಚಿಗೂ ಹಿಂಗಾಲಿಯ ಅಚ್ಚಿಗೂ ನಡುವೆ ಇರುವ ಅಂತರ ಎಷ್ಟು, ಮೂಗಿನ ತುದಿಯು ಮುಂಗಾಲಿಯನ್ನು ದಾಟಿ ಎಷ್ಟು ಮುಂದಕ್ಕೆ ಚಾಚಿದೆ, ಮುಂಗಾಲಿಗೂ ಎದುರಿನ ಬಾಗಿಲಿಗೂ ಮಧ್ಯೆ ಎಷ್ಟು ಜಾಗ ಉಳಿದಿದೆ, ಈ ಮೂರನ್ನು ಗಮನಿಸಿದರೆ ಗಾಡಿಯ ಅರ್ಧ ಜಾತಕ ತಿಳಿದಂತೆಯೇ.

ಅಂಬಾಸಡರನ್ನೇ ತೆಗೆದುಕೊಳ್ಳೋಣ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯ ಕಾರಿನ ಅಚ್ಚನ್ನು ತಂದು ಬಂಗಾಳದ ಉತ್ತರಪಾಡಾದಲ್ಲಿ ಹಿಂದುಸ್ಥಾನ್ ಮೋಟಾರ್ಸ್‌ನವರು ಮಾಡಿದ ಗಾಡಿ ಅದು. 2014ರ ಮೇ ತಿಂಗಳಲ್ಲಿ ಕಾರ್ಖಾನೆಯ ಕೆಲಸ ನಿಲ್ಲುವ ತನಕವೂ ಮೈಯ ಆಕಾರ ಬಹುಮಟ್ಟಿಗೆ ಅದೇ ಉಳಿಯಿತು. ಉದ್ದ 4325 ಮಿಲಿಮೀಟರು, ಅಚ್ಚಿನಿಂದಚ್ಚಿಗೆ 2464. ಎಂದರೆ ಉದ್ದದ ನೂರು ಪಾಲಿನಲ್ಲಿ 57 ಪಾಲು ಮಾತ್ರ ಗಾಲಿಗಳ ನಡುವೆ, ಉಳಿದದ್ದು ಹಿಂದೆ ಮುಂದೆ ಚಾಚಿಕೊಂಡದ್ದು. ಇಂಜಿನನ್ನು ಉದ್ದುದ್ದವಾಗಿ ಇಟ್ಟು, ಅದರ ಬೆನ್ನಿಗೆ ಗೇರುಪೆಟ್ಟಿಗೆ, ಅಲ್ಲಿಂದ ತಳದಲ್ಲಿ ಉದ್ದನೆಯ ದಂಡ, ಕೊನೆಗೆ ಹಿಂಗಾಲಿಗಳಿಗೆ ಶಕ್ತಿ, ಇದು ಅದರ ಒಳರಚನೆ. ಉದ್ದ ಇಂಜಿನಿಗೆ ಉದ್ದ ಬಾನೆಟ್ಟು ಬೇಕೇ ಬೇಕು. ಹಾಗಾಗಿ ಅದರ ಮೂಗಿನ ಗಾಂಭೀರ್ಯವು ಶೃಂಗಾರಕ್ಕಾಗಿ ಮಾಡಿದ್ದಲ್ಲ, ಒಳಗಿನ ಯಂತ್ರ ಕೇಳಿ ಪಡೆದದ್ದು.

ಮಾರುತಿ 800 ಬಂದಾಗ ಜನ ಅದನ್ನು ನೋಡಿ ನಕ್ಕುದು ನನಗೆ ನೆನಪಿದೆ. ಮೂಗೇ ಇಲ್ಲದ ಕಾರು ಎಂದರು, ಬೆಂಕಿಪೆಟ್ಟಿಗೆ ಎಂದರು. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರ ಕೈಯಿಂದ ಮೊದಲ ಕಾರಿನ ಬೀಗದ ಕೈ ಗ್ರಾಹಕರಿಗೆ ಸಂದಿತ್ತು. 1986ರಲ್ಲಿ ಬಂದ ಎರಡನೆಯ ರೂಪದ ಉದ್ದ 3335 ಮಿಲಿಮೀಟರು, ಅಚ್ಚಿನಂತರ 2175. ಲೆಕ್ಕ ಹಾಕಿದರೆ ನೂರಕ್ಕೆ 65 ಪಾಲು ಗಾಲಿಗಳ ನಡುವೆಯೇ ಸೇರಿತು. ಇಲ್ಲಿ ಇಂಜಿನನ್ನು ಅಡ್ಡಲಾಗಿ ಇಟ್ಟಿದ್ದಾರೆ, ಮುಂಗಾಲಿಗಳೇ ಗಾಡಿಯನ್ನು ಎಳೆಯುತ್ತವೆ. ಇಂಜಿನು ಅಡ್ಡ ಮಲಗಿದರೆ ಬಾನೆಟ್ಟು ಗಿಡ್ಡವಾಗುತ್ತದೆ, ಗಾಲಿಗಳು ನಾಲ್ಕು ಮೂಲೆಗೆ ಸರಿಯುತ್ತವೆ, ಉಳಿದ ಜಾಗವೆಲ್ಲ ಕುಳಿತುಕೊಳ್ಳುವವರಿಗೆ. ಅಲೆಕ್ ಇಸ್ಸಿಗೋನಿಸ್ ಎಂಬಾತ 1959ರಲ್ಲಿ ಇಂಗ್ಲೆಂಡಿನ ಮಿನಿ ಕಾರಿನಲ್ಲಿ ಈ ಉಪಾಯವನ್ನು ಪ್ರಯೋಗಿಸಿ, ಬರಿಯ ಹತ್ತಡಿಯ ಗಾಡಿಯಲ್ಲಿ ನಾಲ್ವರನ್ನು ಕೂರಿಸಿದ್ದ. ಮಳೆಯಲ್ಲಿ ಅದರ ಮುಂಬಾಯಿಯಿಂದ ನೀರು ನುಗ್ಗಿ ಇಂಜಿನು ಕೆಮ್ಮಿ ನಿಲ್ಲುತ್ತಿತ್ತೆಂಬುದು ಬೇರೆ ಮಾತು! ಇಂದು ನಮ್ಮ ರಸ್ತೆಗಳಲ್ಲಿ ಓಡುವ ಕಾರುಗಳಲ್ಲಿ ಹೆಚ್ಚಿನವು ಈ ವಂಶದವೇ.

ಇನ್ನು ಮುಖಕ್ಕೆ ಬರೋಣ. ಕಾರಿಗೆ ಬಾಯಿ ಬಂದುದು ನೀರಿನಿಂದ. ಇಂಜಿನಿನ ಶಾಖವನ್ನು ನೀರು ಹೀರಿಕೊಳ್ಳಬೇಕು, ಆ ನೀರನ್ನು ಗಾಳಿಯು ಆರಿಸಬೇಕು, ಅದಕ್ಕೆ ರೇಡಿಯೇಟರು ಬೇಕು. 1908ರಲ್ಲಿ ಬಂದ ಫೋರ್ಡ್ ಮಾದರಿ ಟಿ ಕಾರಿನಲ್ಲಿ ಬಿಸಿನೀರು ತಾನಾಗಿ ಮೇಲೇರುವ, ತಣಿದದ್ದು ತಾನಾಗಿ ಕೆಳಗಿಳಿಯುವ ಗುಣವನ್ನೇ ನಂಬಿಕೊಂಡಿದ್ದರು. ನಮ್ಮ ಮಕ್ಕಳು ವಿಜ್ಞಾನದ ಪಾಠದಲ್ಲಿ ಓದುವ ಸಂವಹನ ಕ್ರಿಯೆಯೇ ಇದು. ಅದಕ್ಕೆ ರೇಡಿಯೇಟರು ಎತ್ತರವಾಗಿ ನೆಟ್ಟಗೆ ನಿಂತಿರಬೇಕು. ಆ ಕಾಲದ ಕಾರುಗಳಿಗೆಲ್ಲ ಉದ್ದ ಮುಖವಿದ್ದುದು ಈ ಕಾರಣದಿಂದ. ನೀರನ್ನು ತಳ್ಳುವ ಪಂಪು, ಗಾಳಿಯನ್ನು ಎಳೆಯುವ ಪಂಕ, ಒತ್ತಡ ತಡೆಯುವ ಮುಚ್ಚಳ ಇವೆಲ್ಲ ಸುಧಾರಿಸಿದ ಮೇಲೆ ರೇಡಿಯೇಟರು ಗಿಡ್ಡವೂ ಅಗಲವೂ ಆಗಿ ಬಾನೆಟ್ಟಿನ ಒಳಗೆ ಅಡಗಿತು. ಅದರ ಮುಂದೆ ಒಂದು ಜಾಲರಿಯನ್ನು ಇಟ್ಟರು. ಅಂದಿನಿಂದ ಮುಖವು ಯಂತ್ರದ ಕೈಯಿಂದ ಚಿತ್ರಕಾರನ ಕೈಗೆ ಜಾರಿತೆಂದು ಹೇಳಬಹುದು.

ಜಾಲರಿಯ ಮಹಿಮೆಯನ್ನು ಹೇಳುವುದಾದರೆ ಪುಟ ಸಾಲದು. ಅಂಬಾಸಡರಿನ ಮಾರ್ಕ್ 2, ಮಾರ್ಕ್ 3, ಮಾರ್ಕ್ 4 ಎಂಬ ಭೇದವನ್ನು ಟ್ಯಾಕ್ಸಿ ಸ್ಟ್ಯಾಂಡಿನ ಚಾಲಕರು ದೂರದಿಂದಲೇ ಜಾಲರಿಯ ಕಣ್ಣುಗಳನ್ನು ನೋಡಿ ಹೇಳುತ್ತಿದ್ದರು. ರೋಲ್ಸ್ ರಾಯ್ಸ್‌ನವರದು ಗ್ರೀಕ್ ದೇವಾಲಯದ ಕಂಬಸಾಲಿನಂಥ ಜಾಲರಿ. ಬಿ.ಎಂ.ಡಬ್ಲ್ಯು. ಕಂಪನಿಯವರು 1933ರಿಂದ ಜೋಡಿ ಮೂತ್ರಪಿಂಡದಾಕಾರವನ್ನು ಬಿಡದೆ ಹಿಡಿದಿದ್ದಾರೆ. 1957ರಲ್ಲಿ ಫೋರ್ಡಿನವರು ಎಡ್ಸೆಲ್ ಎಂಬ ಕಾರಿಗೆ ಕುದುರೆಯ ಕೊರಳಪಟ್ಟಿಯಂಥ ನಿಡಿದಾದ ಬಾಯಿಯನ್ನು ಇಟ್ಟು ಜನರ ಅಪಹಾಸ್ಯಕ್ಕೆ ಗುರಿಯಾದರು. ಬೇರೆ ಕಾರಣಗಳೂ ಇದ್ದುವು, ಅಂತೂ 1959ರ ನವೆಂಬರಿನಲ್ಲಿ ಆ ಕಾರೇ ನಿಂತುಹೋಯಿತು.

ನನ್ನ ಮೆಚ್ಚುಗೆಯ ಮುಖ ಯಾವುದೆಂದು ಕೇಳಿದರೆ ಜೀಪಿನದೆಂದೇ ಹೇಳುವೆನು. ಗುಡ್ಡದ ಹಾದಿಯಲ್ಲಿ ಆಳುಗಳನ್ನೂ ಅಡಿಕೆಯನ್ನೂ ಮದುವೆಯ ದಿಬ್ಬಣವನ್ನೂ ಹೊತ್ತ ಆ ಗಾಡಿಯಲ್ಲಿ ಅಲಂಕಾರವೆಂಬುದೇ ಇಲ್ಲ. ಒಂದು ಉಕ್ಕಿನ ತಗಡು, ಅದರಲ್ಲಿ ಗಾಳಿಗೆಂದು ಸೀಳಿದ ಕಂಡಿಗಳು, ಎರಡು ಗುಂಡುದೀಪ. ಎರಡನೆಯ ಮಹಾಯುದ್ಧದ ಜೀಪುಗಳಲ್ಲಿ ಆ ದೀಪಗಳನ್ನು ಹಿಂದಕ್ಕೆ ಮಗುಚಿ, ರಾತ್ರಿ ಇಂಜಿನನ್ನು ರಿಪೇರಿ ಮಾಡಲು ಬೆಳಕು ಹಿಡಿಯುವ ಏರ್ಪಾಡು ಕೂಡ ಇತ್ತು. ಕಣ್ಣೇ ಕೈದೀಪವಾಗುವ ಯೋಚನೆ! ಇಷ್ಟು ಸರಳವಾದ ಮುಖಕ್ಕೂ ಈಗ ಒಡೆತನದ ತಗಾದೆ ಉಂಟು. ಮಹೀಂದ್ರದವರು ಅಮೆರಿಕದಲ್ಲಿ ರಾಕ್ಸರ್ ಎಂಬ ಗಾಡಿಯನ್ನು ಮಾರಲು ಹೊರಟಾಗ ಜೀಪಿನ ಒಡೆಯರಾದ ಫಿಯೆಟ್ ಕ್ರೈಸ್ಲರ್‌ನವರು 2018ರಲ್ಲಿ ದೂರು ಕೊಟ್ಟರು. 2020ರಲ್ಲಿ ಅಲ್ಲಿನ ಅಂತಾರಾಷ್ಟ್ರೀಯ ವ್ಯಾಪಾರ ಆಯೋಗವು ದೂರುದಾರರ ಪರವಾಗಿ ತೀರ್ಪಿತ್ತಿತು. ಮಹೀಂದ್ರದವರು ಗಾಡಿಯ ಮುಖವನ್ನು ಬದಲಿಸಬೇಕಾಯಿತು.

ಕಣ್ಣುಗಳ ಕಥೆ ಹೀಗೆ. ಅಂಬಾಸಡರು, ಫಿಯೆಟ್ ವಂಶದ ಪ್ರೀಮಿಯರ್ ಪದ್ಮಿನಿ, ಜೀಪು ಇವೆಲ್ಲಕ್ಕೂ ಗುಂಡುದೀಪಗಳೇ ಇದ್ದುದು ಎಲ್ಲರ ಅಭಿರುಚಿಯೂ ಒಂದೇ ಆಗಿತ್ತೆಂದಲ್ಲ. ಬೆಳಕನ್ನು ಒಟ್ಟುಗೂಡಿಸುವ ಬಟ್ಟಲಿಗೆ ದುಂಡಗಿನ ಆಕಾರವೇ ಸುಲಭ, ಅಗ್ಗ. ಅಮೆರಿಕದಲ್ಲಂತೂ 1940ರಿಂದ ನಿಯಮಿತ ಅಳತೆಯ ಮೊಹರು ಹಾಕಿದ ದೀಪವನ್ನೇ ಹಾಕಬೇಕೆಂಬ ಕಟ್ಟಳೆಯಿತ್ತು. 1983ರಲ್ಲಿ ಆ ಕಟ್ಟಳೆಯು ಸಡಿಲವಾಯಿತು. ಗಾಜಿನ ಬದಲಿಗೆ ಪ್ಲಾಸ್ಟಿಕು, ತಂತಿಯ ಬದಲಿಗೆ ಎಲ್.ಇ.ಡಿ. ಬಂದಮೇಲೆ ದೀಪವನ್ನು ಯಾವ ಆಕಾರಕ್ಕೂ ಹಿಗ್ಗಿಸಬಹುದು, ಕುಗ್ಗಿಸಬಹುದು. 2019ರಲ್ಲಿ ಬಂದ ಟಾಟಾ ಹ್ಯಾರಿಯರ್, ಹ್ಯುಂಡೈ ವೆನ್ಯೂ ಎಂಬ ಗಾಡಿಗಳನ್ನು ನೋಡಿದವರಿಗೆ ಒಂದು ಸೋಜಿಗ ಕಂಡಿರಬಹುದು. ಹುಬ್ಬಿನ ಕೆಳಗೆ ಕಣ್ಣಿರಬೇಕಾದಲ್ಲಿ ಇರುವುದು ಹಗಲಲ್ಲಿ ಉರಿಯುವ ಗುರುತಿನ ದೀಪ, ದಾರಿ ತೋರಿಸುವ ನಿಜವಾದ ಹೆಡ್‌ಲೈಟು ಕೆಳಗೆ ಕೆನ್ನೆಯ ಎಡೆಯಲ್ಲಿದೆ. ನಮ್ಮ ಮಿತ್ರರನ್ನು ಗದರಿಸುವ ಆ ಸಪೂರ ಕಣ್ಣು ಏನನ್ನೂ ನೋಡುವುದಕ್ಕಲ್ಲ, ನಮಗೆ ತೋರುವುದಕ್ಕೆ. ಬಾಯಿಯೂ ಹಾಗೆಯೇ ಆಗುತ್ತಿದೆ. ವಿದ್ಯುತ್ ಕಾರಿಗೆ ಅಂಥ ದೊಡ್ಡ ಬಾಯಿ ಬೇಕಿಲ್ಲ. 2021ರ ಬಿ.ಎಂ.ಡಬ್ಲ್ಯು. ವಿದ್ಯುತ್ ಕಾರೊಂದರಲ್ಲಿ ಆ ಜೋಡಿ ಪಿಂಡಗಳು ಮೊದಲಿಗಿಂತ ದೊಡ್ಡವಾಗಿಯೇ ಇವೆ, ಆದರೆ ಮುಚ್ಚಿವೆ. ಉಸಿರಾಡದ ಮೂಗು ಎನ್ನಬೇಕು.

ಇಷ್ಟಾದರೆ ನಗುತ್ತ ಬಿಟ್ಟುಬಿಡಬಹುದಾಗಿತ್ತು. ಕೋಪದ ಮುಖವಾಡವನ್ನು ಧರಿಸಿದ ಮಾತ್ರಕ್ಕೆ ಯಾರಿಗೂ ಗಾಯವಾಗುವುದಿಲ್ಲ. ಗಾಯವಾಗುವುದು ಎತ್ತರದಿಂದ, ನೆಟ್ಟಗೆ ನಿಂತ ಮೂಗಿನಿಂದ. ಈ ಎತ್ತರವು ಎಲ್ಲಿಂದ ಬಂತೆಂಬುದಕ್ಕೆ ನಮ್ಮ ದೇಶದ ಮಟ್ಟಿಗೆ ಒಂದು ವಿಚಿತ್ರವಾದ ಕಾರಣವೂ ಇದೆ. 2006ರ ಮುಂಗಡಪತ್ರದಲ್ಲಿ ಕೇಂದ್ರ ಸರಕಾರವು ನಾಲ್ಕು ಮೀಟರಿಗಿಂತ ಉದ್ದವಿಲ್ಲದ, ಸಣ್ಣ ಇಂಜಿನಿನ ಕಾರುಗಳ ಅಬಕಾರಿ ಸುಂಕವನ್ನು ನೂರಕ್ಕೆ 24ರಿಂದ 16ಕ್ಕೆ ಇಳಿಸಿತು. 2025ರ ಸೆಪ್ಟೆಂಬರಿನಲ್ಲಿ ಜಿ.ಎಸ್.ಟಿ. ದರಗಳು ಬದಲಾದಾಗಲೂ ಅದೇ ನಾಲ್ಕು ಮೀಟರಿನ ಗೆರೆಯನ್ನು ಉಳಿಸಿಕೊಂಡು, ಗೆರೆಯೊಳಗಿನ ಸಣ್ಣ ಇಂಜಿನಿನ ಕಾರುಗಳಿಗೆ 18, ದೊಡ್ಡವಕ್ಕೆ 40 ಎಂದು ನಿಶ್ಚಯಿಸಿದರು. ಪರಿಣಾಮವಾಗಿ ಎಷ್ಟೋ ಕಾರುಗಳು ಸರಿಯಾಗಿ 3995 ಮಿಲಿಮೀಟರಿಗೆ ಬಂದು ನಿಂತಿವೆ. 2012ರಲ್ಲಿ ಮಾರುತಿ ಡಿಸೈರ್ ಕಾರಿನ ಡಿಕ್ಕಿಯನ್ನು ಕತ್ತರಿಸಿದ್ದು ಈ ಲೆಕ್ಕಕ್ಕಾಗಿಯೇ. ಉದ್ದಕ್ಕೆ ಸುಂಕವಿದೆ, ಎತ್ತರಕ್ಕೆ ಇಲ್ಲ. ದೊಡ್ಡಸ್ತಿಕೆಯನ್ನು ಬಯಸುವ ಗ್ರಾಹಕನಿಗೆ ಉದ್ದವನ್ನು ಕೊಡಲಾಗದಿದ್ದರೆ ಎತ್ತರವನ್ನು ಕೊಡುತ್ತಾರೆ, ಮೂಗನ್ನು ಇಳಿಜಾರಾಗಿ ಚಾಚಲು ಜಾಗವಿಲ್ಲದಿದ್ದರೆ ಗೋಡೆಯಂತೆ ನಿಲ್ಲಿಸುತ್ತಾರೆ. ಇದು ನನ್ನ ಅನುಮಾನ, ಆದರೆ ಅಳತೆಪಟ್ಟಿಯನ್ನು ನೋಡಿದವರು ಒಪ್ಪಬಹುದು.

ಎತ್ತರದ ಎಲ್ಲ ಹೊಣೆಯನ್ನೂ ಆಡಂಬರದ ಮೇಲೆ ಹೊರಿಸುವುದು ನ್ಯಾಯವಲ್ಲ. ಯುರೋಪಿನಲ್ಲಿ 2005ರಿಂದ ಪಾದಚಾರಿಗಳ ರಕ್ಷಣೆಗೆ ನಿಯಮಗಳು ಬಂದುವು. ಮನುಷ್ಯನ ತಲೆಯು ಬಾನೆಟ್ಟಿಗೆ ಬಡಿದಾಗ ಆ ತಗಡು ಸ್ವಲ್ಪ ತಗ್ಗಿ ಪೆಟ್ಟನ್ನು ನುಂಗಬೇಕು, ಕೆಳಗಿನ ಗಟ್ಟಿ ಇಂಜಿನು ತಲೆಗೆ ತಾಗಬಾರದು. ಅದಕ್ಕಾಗಿ ಇಂಜಿನಿಗೂ ತಗಡಿಗೂ ನಡುವೆ ಅಂತರವನ್ನು ಬಿಡುತ್ತಾರೆ, ಬಾನೆಟ್ಟು ಮೇಲೇರುತ್ತದೆ. ಅಂಬಾಸಡರಿನ ಉಕ್ಕಿನ ಬಂಪರು ದಾರಿಹೋಕನ ಮೊಣಕಾಲಿಗೆ ದಯೆ ತೋರಿಸುವಂಥದ್ದೇನೂ ಆಗಿರಲಿಲ್ಲ. ಹಳತೆಲ್ಲ ಹೊನ್ನೆಂದು ನಾನು ವಾದಿಸುವುದಿಲ್ಲ.

ಆದರೂ ಒಂದು ಹಂತವನ್ನು ದಾಟಿದ ಎತ್ತರವು ಕೇಡಿನದೆಂಬುದಕ್ಕೆ ಈಗ ಪುರಾವೆ ದೊರೆತಿದೆ. ಅಮೆರಿಕದ ಹೆದ್ದಾರಿ ಸುರಕ್ಷಾ ವಿಮಾ ಸಂಸ್ಥೆಯು ಪಾದಚಾರಿಗಳಿಗೆ ವಾಹನ ಬಡಿದ ಸಾವಿರಾರು ಪ್ರಕರಣಗಳನ್ನು ಪರಿಶೀಲಿಸಿ 2023ರ ನವೆಂಬರಿನಲ್ಲಿ ವರದಿಯನ್ನು ಹೊರಡಿಸಿತು. ಬಾನೆಟ್ಟಿನ ಮುಂದಂಚು 40 ಅಂಗುಲಕ್ಕಿಂತ ಎತ್ತರವಿದ್ದರೆ, 30 ಅಂಗುಲ ಅಥವಾ ಅದಕ್ಕಿಂತ ತಗ್ಗಿನ, ಇಳಿಜಾರಾದ ಮೂಗಿನ ವಾಹನಕ್ಕಿಂತ ಸಾವಿನ ಸಂಭವವು ನೂರಕ್ಕೆ ಸುಮಾರು 45ರಷ್ಟು ಹೆಚ್ಚು. ತಗ್ಗು ಮೂಗು ಕಾಲಿಗೆ ಬಡಿದು ಮನುಷ್ಯನನ್ನು ಬಾನೆಟ್ಟಿನ ಮೇಲೆ ಎತ್ತಿಹಾಕುತ್ತದೆ. ಎತ್ತರದ ಮೂಗು ಎದೆಗೂ ತಲೆಗೂ ಬಡಿಯುತ್ತದೆ. 40 ಅಂಗುಲವೆಂದರೆ ಸುಮಾರು 102 ಸೆಂಟಿಮೀಟರು. ಒಂದನೆಯ ತರಗತಿಗೆ ಸೇರುವ ಮಗುವಿನ ಎತ್ತರ ಸಾಧಾರಣ 110ರಿಂದ 115 ಸೆಂಟಿಮೀಟರು. ಅಮೆರಿಕದ ಪ್ರಾಯದವನಿಗೆ ಎದೆಯಲ್ಲಿ ಬಡಿಯುವ ಅಂಚು ನಮ್ಮ ಈ ಮಕ್ಕಳಿಗೆ ಎಲ್ಲಿ ಬಡಿಯುವುದೆಂಬುದನ್ನು ನಾನು ಬರೆಯಬೇಕಾಗಿಲ್ಲ.

ಇದರ ಮೇಲೆ ಕೆಲವರು ಮುಂದುಗಡೆ ಉಕ್ಕಿನ ಕೊಳವೆಗಳ ಬೇಲಿಯೊಂದನ್ನು ಕಟ್ಟಿಸುತ್ತಾರೆ. 2017ರ ಡಿಸೆಂಬರಿನಲ್ಲಿಯೇ ಕೇಂದ್ರ ಸಾರಿಗೆ ಸಚಿವಾಲಯವು ಇದು ಕಾನೂನಿಗೆ ವಿರುದ್ಧ, ಕ್ರಮ ಕೈಕೊಳ್ಳಿರೆಂದು ರಾಜ್ಯಗಳಿಗೆ ಬರೆದಿದೆ. ಪೆಟ್ಟನ್ನು ನುಂಗಲೆಂದು ಕಂಪನಿಯವರು ಮೆತ್ತಗೆ ಮಾಡಿಟ್ಟ ಭಾಗದ ಮುಂದೆ ಉಕ್ಕನ್ನು ಇಡುವುದು ಶುದ್ಧ ಅವಿವೇಕ. ಒಳಗಿರುವವರ ಗಾಳಿಚೀಲವು ಸಕಾಲಕ್ಕೆ ಬಿಚ್ಚಿಕೊಳ್ಳುವುದಕ್ಕೂ ಅದು ಅಡ್ಡಿಯಾಗಬಹುದು.

ಬಡಿಯುವ ಮೊದಲು ಕಾಣದಿರುವ ಪ್ರಶ್ನೆಯೂ ಇದೆ. ಇದನ್ನು ನಮ್ಮ ಏಳನೆಯ ತರಗತಿಯ ಮಕ್ಕಳಿಗೆ ಕಳೆದ ವರ್ಷ ಗಣಿತದ ಅವಧಿಯಲ್ಲಿ ಕೊಟ್ಟಿದ್ದೆ. ವಾಚಕರು ಮನೆಯಲ್ಲಿ ಮಕ್ಕಳೊಡನೆ ಒಂದು ಹಾಳೆಯಲ್ಲಿ ಅಳತೆಗೆ ಸರಿಯಾಗಿ ಗೆರೆ ಎಳೆದು ನೋಡಬಹುದು. ಚಾಲಕನ ಕಣ್ಣು ನೆಲದಿಂದ 150 ಸೆಂಟಿಮೀಟರು, ಬಾನೆಟ್ಟಿನ ಮುಂದಂಚು 110, ಕಣ್ಣಿನಿಂದ ಆ ಅಂಚಿಗೆ 200 ಎಂದು ಇಟ್ಟುಕೊಳ್ಳಿ. ಕಣ್ಣಿನಿಂದ ಅಂಚನ್ನು ಮುಟ್ಟಿ ಹೊರಟ ಗೆರೆಯು ನೆಲವನ್ನು ಸೇರುವುದು ಗಾಡಿಯ ಮೂಗಿನಿಂದ ಐದೂವರೆ ಮೀಟರು ಮುಂದೆ. ಅಲ್ಲಿಯ ತನಕ ನೆಲವು ಕಾಣಿಸದು. ಚಪ್ಪಲಿಯ ಬಾರು ಸರಿಮಾಡಲೆಂದು ಕುಕ್ಕರುಗಾಲಲ್ಲಿ ಕುಳಿತ, 60 ಸೆಂಟಿಮೀಟರು ಎತ್ತರದ ಮಗುವು ಮೂಗಿನಿಂದ ಎರಡೂವರೆ ಮೀಟರಿನವರೆಗೂ ಚಾಲಕನ ಪಾಲಿಗೆ ಇಲ್ಲದಂತೆಯೇ. ಇನ್ನು ತಗ್ಗಿನ ಕಾರು, ಕಣ್ಣು 120, ಅಂಚು 75, ನಡುವೆ ಅದೇ 200 ಎಂದು ಇಟ್ಟರೆ ಕುಳಿತ ಮಗುವು ಮರೆಯಾಗುವುದು 67 ಸೆಂಟಿಮೀಟರಿನವರೆಗೆ ಮಾತ್ರ. ಎತ್ತರದಲ್ಲಿ ಕುಳಿತರೆ ರಸ್ತೆ ಚೆನ್ನಾಗಿ ಕಾಣುತ್ತದೆಂದು ಗಾಡಿ ಮಾರುವವರು ಹೇಳುವುದು ಸುಳ್ಳಲ್ಲ. ಕಾಣುವುದು ದೂರದ ರಸ್ತೆ.

ಈ ಚಿತ್ರಗಳನ್ನು ಮಕ್ಕಳು ದಪ್ಪ ಕಾಗದದ ಮೇಲೆ ದೊಡ್ಡದಾಗಿ ಬರೆದು ಅಧ್ಯಾಪಕ-ರಕ್ಷಕ ಸಂಘದ ಸಭೆಯಲ್ಲಿ ತೂಗುಹಾಕಿದರು. ಕಳೆದ ಜೂನಿನಿಂದ ಶಾಲೆಯ ಅಂಗಳದೊಳಗೆ ಹೆತ್ತವರ ವಾಹನಗಳು ಬರುತ್ತಿಲ್ಲ. ಹೊರಗಿನ ಹಲಸಿನ ಮರದ ಬಳಿ ನಿಲ್ಲಿಸಿ, ಮಕ್ಕಳನ್ನು ಕೈಹಿಡಿದು ಗೇಟಿನವರೆಗೆ ಕರೆತರುತ್ತಾರೆ. ಮಳೆಗಾಲದಲ್ಲಿ ಇದು ತೊಂದರೆಯೆಂದು ಇಬ್ಬರು ಹೆತ್ತವರು ಆಕ್ಷೇಪಿಸಿದರು. ತೊಂದರೆಯೇ ಹೌದು. ಸಂಘದವರು ಗೇಟಿನಿಂದ ಮರದವರೆಗೆ ತಗಡಿನ ಮಾಡು ಹಾಕಿಸುವುದೆಂದು ಒಪ್ಪಿದ್ದಾರೆ, ಕಂಬಗಳು ಬಂದಿವೆ.